ಕೋಳಿಜುಟ್ಟಿನ ಬೆಲೆ

ಆರ್ಚಿ ಮೋಯ್ಸ್‌ಗೆ ಇಲ್ಲ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಬೀದಿಯವರೆಲ್ಲ ಅದನ್ನು ಅವನ ದೊಡ್ಡ ಗುಣ ಅನ್ನುತ್ತಿದ್ದರು. ಹಾಗನ್ನುವವರು ಯಾರೂ ಅವನ ಜೊತೆ ಒಂದೇ ಮನೆಯಲ್ಲಿ ಇಲ್ಲವಲ್ಲ ಎಂದುಕೊಳ್ಳುತ್ತಿದ್ದಳು ಅವನ ಮಗಳು ಲಿಲಿಯಸ್. ಎಂದುಕೊಳ್ಳುತ್ತಿದ್ದಳು ಅಷ್ಟೇ, ಹೇಳುತ್ತಿರಲಿಲ್ಲ. ಹೇಳಬೇಕಾದ ಮಾತು ಅವಳ ನಾಲಿಗೆಗೆ ಬರುವ ಹೊತ್ತಿಗೆ ಕೇಳಬೇಕಾದವರು ಎದ್ದು ಹೋಗಿರುತ್ತಿದ್ದರು.

ಸ್ಟರ್ಲಿಂಗ್ ಪಟ್ಟಣದಿಂದ ಸ್ವಲ್ಪ ಕೆಳಗೆ, ಹಳ್ಳದವರೆಗೆ ಇಳಿದುಹೋಗುವ ಒಂದೇ ಬೀದಿ. ಎರಡೂ ಕಡೆ ನೇಕಾರರ ಮನೆ. ಪ್ರತಿ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಜನ. ಮೋಯ್ಸ್‌ರದ್ದು ಹಳ್ಳಕ್ಕೆ ತಾಗಿದ ಕೊನೆಯ ಮನೆ. ಅಪ್ಪ ನೇಯುತ್ತಿದ್ದ, ಲಿಲಿಯಸ್ ಕಂಡಿಕೆ ಸುತ್ತುತ್ತಿದ್ದಳು. ಹತ್ತು ವರ್ಷದವಳಿದ್ದಾಗ ಶಾಲೆ ಬಿಡಿಸಿ ಕೂರಿಸಿದ್ದರು. ಈಗ ಇಪ್ಪತ್ತೆರಡು. ಲಾಳಿಯೊಳಗೆ ಹೋಗುವ ಆ ಪುಟ್ಟ ಕಂಡಿಕೆಗಳನ್ನು ತುಂಬಿಸಿ ಕೊಡುವುದು, ಅಪ್ಪ ಖಾಲಿ ಮಾಡಿ ಎಸೆಯುವುದು, ಅವಳು ಹೆಕ್ಕಿ ಮತ್ತೆ ತುಂಬಿಸುವುದು. ಎರಡು ವರ್ಷದ ಹಿಂದೆ ಅಪ್ಪ ಜ್ವರ ಬಂದು ಮಲಗಿದ್ದಾಗ ಅವನು ಒಪ್ಪಿಕೊಂಡಿದ್ದ ಬಟ್ಟೆಯನ್ನು ಅವಳೇ ನೇಯ್ದು ಮುಗಿಸಿದ್ದಳು. ವ್ಯಾಪಾರಿ ಅದನ್ನು ಅಪ್ಪನ ಕೈಯದ್ದೇ ಅಂದುಕೊಂಡು ಕೊಂಡುಹೋಗಿದ್ದ. ಆಮೇಲೆ ಕಂಡಿಕೆ ಸುತ್ತಲು ಕೂತರೆ ಅವಳ ಕೈ ಕಾಲಿಗೆ ಸಮಾಧಾನವಿರಲಿಲ್ಲ. ತನಗೂ ಒಂದು ಮಗ್ಗ ಬೇಕು.

ಮಗ್ಗ ಇತ್ತು. ಬೀದಿಯ ನಡುವೆ ಯೂಫಿ ಅಜ್ಜಿಯ ಮನೆಯಲ್ಲಿ, ಅವಳ ಗಂಡ ಸತ್ತ ದಿನದಿಂದ ಹಾಸಿನ ಉದ್ದೆಳೆಗಳಿಲ್ಲದೆ ಸುಮ್ಮನೆ ನಿಂತಿತ್ತು. ವಸಂತದಲ್ಲಿ ಕೇಳಿದಾಗ ಅಜ್ಜಿ ಆರು ಪೌಂಡ್ ಅಂದಿದ್ದಳು. "ಈ ವರ್ಷ ಒಂದು ಒಳ್ಳೆ ವ್ಯಾಪಾರ ಕುದುರ್ಲಿ, ನಿಂಗೆ ಅದನ್ನ ತಂದ್ಕೊಡ್ತೀನಿ ಮಗಳೆ," ಅಂದಿದ್ದ ಅಪ್ಪ. ಕೇಳಿದ್ದಕ್ಕೆ ಅವನು ಇಲ್ಲ ಅನ್ನುವವನಲ್ಲ ಎಂಬುದು ಗೊತ್ತಿದ್ದೂ ಲಿಲಿಯಸ್ ನಂಬಿದ್ದಳು.

ಜುಲೈ ಕೊನೆಯಲ್ಲಿ ಆ ಒಳ್ಳೆಯ ವ್ಯಾಪಾರ ಕುದುರೆ ಏರಿ ಬಂತು. ಎಡಿನ್‌ಬರೋದ ಬಟ್ಟೆ ವ್ಯಾಪಾರಿ ಪ್ರಿಂಗಲ್. ಇಳಿದವನೇ ನೀರು ಕೇಳಿದ, ಕುಡಿಯುವ ಮೊದಲೇ ಮಾತು ಶುರು ಮಾಡಿದ.

"ಲಂಡನ್ನಿಂದ ರಾಜರು ಎಡಿನ್‌ಬರೋಗೆ ಬರ್ತಿದಾರೆ ಆರ್ಚಿ. ಊರಿಗೂರೇ ಹುಚ್ಚು ಹಿಡಿದ ಹಾಗಿದೆ. ಇಲ್ಲೀವರೆಗೆ ಇಂಗ್ಲಿಷರ ಥರ ಉದ್ದ ಕೋಟು ಹಾಕ್ಕೊಂಡು ಓಡಾಡ್ತಿದ್ದವರಿಗೆಲ್ಲ ಈಗ ಟಾರ್ಟನ್ ಚೌಕಳಿ ಬೇಕು. ಅದೂ ಅವರವರ ಮನೆತನದ್ದೇ ಬೇಕು. ಇರೋದು ಮೂರು ವಾರ. ಹಳೇ ಕಡ್ಡಿ ಯಾವುದಿದೆ ತೋರಿಸು."

ಅಪ್ಪ ಗೋಡೆಯ ಗೂಡಿನಿಂದ ಚೌಕಳಿ ಕಡ್ಡಿಗಳನ್ನು ತೆಗೆದು ಹರಡಿದ. ಒಂದೊಂದು ಕಡ್ಡಿಯ ಮೇಲೂ ಒಂದೊಂದು ಚೌಕಳಿಯ ಗುಟ್ಟು. ಯಾವ ಬಣ್ಣದ ಪಕ್ಕ ಯಾವುದು, ಎಷ್ಟೆಷ್ಟು ಎಳೆ ಎಂದು ನೂಲನ್ನೇ ಸುತ್ತಿ ಇಟ್ಟಿರುತ್ತಾರೆ. ಕಡ್ಡಿ ಕೈಯಲ್ಲಿದ್ದರೆ ಯಾವ ನೇಕಾರನಾದರೂ ಹಾಸು ಹೂಡಬಹುದು. ಪ್ರಿಂಗಲ್ ಒಂದೊಂದನ್ನೇ ಬದಿಗೆ ಸರಿಸುತ್ತ ಬಂದವನು ಕೆಂಪು ಕಡ್ಡಿಯೊಂದರ ಹತ್ತಿರ ನಿಂತ. ಕಣ್ಣಿಗೆ ಹೊಡೆಯುವ ಕೆಂಪು, ಅದರ ನಡುವೆ ಹಳದಿ ಗೀಟು, ಮಗ್ಗುಲಲ್ಲಿ ಕಡು ಹಸಿರು, ಲೆಕ್ಕ ತಪ್ಪಿದ ಹಾಗೆ ಎಲ್ಲೋ ಒಂದು ಬಿಳಿ ಎಳೆ.

"ಇದು ಯಾರದ್ದು?"

"ಯಾರದ್ದೂ ಅಲ್ಲ ಸ್ವಾಮಿ. ನಮ್ಮಪ್ಪ ಒಂದ್ಸಲ ಕುಡಿದು ಬಂದು ಹಾಸು ಹೂಡ್ದಾಗ ಎಣಿಕೆ ತಪ್ಪಿ ಹುಟ್ಟಿದ್ದು. ನಾವು ಕೋಳಿಜುಟ್ಟು ಅಂತೀವಿ. ಒಂದ್ಸಲ ನೇಯ್ದಿದ್ವಿ, ಯಾರೂ ಮುಟ್ಟಲಿಲ್ಲ. ಕೊನೆಗೆ ನಮ್ಮಮ್ಮ ಅದನ್ನ ಆಲೂಗಡ್ಡೆ ಮುಚ್ಚೋಕೆ ಇಟ್ಕೊಂಡ್ಳು."

"ಅಂದ್ರೆ ಇನ್ಯಾರ ಹತ್ರಾನೂ ಇಲ್ಲ."

"ಇದನ್ನ ಯಾರು ಇಟ್ಕೋತಾರೆ?"

"ಹಾಗಾದ್ರೆ ಇದು ಗ್ಲೆನಾರ್ಡಿ ದೊರೆಗಳ ಮನೆತನದ ಪುರಾತನ ಚೌಕಳಿ," ಅಂದ ಪ್ರಿಂಗಲ್, ನೀರು ಕುಡಿದು ಲೋಟ ಕೆಳಗಿಟ್ಟು. "ದೊರೆಗಳು ವಾರದಿಂದ ನನ್ನ ಜೀವ ತಿಂತಿದಾರೆ. ಬೇರೆ ಯಾರ ಮೈಮೇಲೂ ಇರಬಾರ್ದಂತೆ, ಅದೊಂದೇ ಅವರ ಹಟ. ಗಜಕ್ಕೆ ಮೂರು ಶಿಲ್ಲಿಂಗ್. ಎಷ್ಟಾಗುತ್ತೋ ಅಷ್ಟು ನೇಯಿ."

ಮಾಮೂಲಿ ಚೌಕಳಿಗೆ ಗಜಕ್ಕೆ ಒಂದೂಕಾಲು ಶಿಲ್ಲಿಂಗ್ ಬಂದರೆ ಹೆಚ್ಚು. ಅಪ್ಪನ ಬಾಯಿ ತೆರೆದೇ ಇತ್ತು. ಮೂಲೆಯಲ್ಲಿ ಕೂತಿದ್ದ ಲಿಲಿಯಸ್‌ಗೆ ಕೇಳಿಸಿದ್ದು ಮೂರು ಶಿಲ್ಲಿಂಗ್ ಅಲ್ಲ. ಬೇರೆ ಯಾರ ಮೈಮೇಲೂ ಇರಬಾರದು ಅನ್ನುವ ಮಾತು. ಪ್ರಿಂಗಲ್ ಕುದುರೆ ಏರಿದ ಮೇಲೆ ಅವಳು ಅದನ್ನೇ ಅಪ್ಪನಿಗೆ ಹೇಳಿದಳು.

"ಅಪ್ಪ, ಅವರು ಬಣ್ಣಕ್ಕೆ ಮೂರು ಕೊಡ್ತಿಲ್ಲ. ಬೇರೆಯವರ ಹತ್ರ ಇಲ್ಲ ಅನ್ನೋದಕ್ಕೆ ಕೊಡ್ತಿದಾರೆ."

"ಯಾವುದಕ್ಕಾದ್ರೂ ಕೊಡ್ಲಿ ಬಿಡು. ನಿನ್ನ ಮಗ್ಗ ಬಂತು ಅಂತ ತಿಳ್ಕೋ."

ಕೆಂಪು ಬಣ್ಣ ಹಡಗಿನಲ್ಲಿ ದೂರದಿಂದ ಬರುವ ಹುಳುಗಳ ಪುಡಿ, ಅಗ್ಗದ್ದಲ್ಲ. ಅಪ್ಪ ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ಅದನ್ನು ತಂದ. ನೂಲಿಗೆ ಬಣ್ಣ ಹಾಕಿ ಬೇಲಿಯ ಮೇಲೆ ಒಣಗಿಸಿದ್ದೇ ತಪ್ಪಾಯಿತು. ಹಳ್ಳಕ್ಕೆ ನೀರಿಗೆ ಬಂದವರೆಲ್ಲ ನಿಂತು ನೋಡಿದರು. ಮಾರನೆಯ ಸಂಜೆ ಬೀದಿಯ ಮೇಲ್ತುದಿಯ ಮನೆಯ ಗ್ಯಾವಿನ್ ಟೆಲ್ಫರ್, ಬಾಯಲ್ಲಿ ಹೊಗೆಸೊಪ್ಪಿನ ಕೊಳವೆ ಕಚ್ಚಿಕೊಂಡು, ಬಾಗಿಲಲ್ಲಿ ಬಂದು ನಿಂತ.

"ಆರ್ಚಿ, ಆ ಕೋಳಿಜುಟ್ಟಿನ ಕಡ್ಡಿ ಸ್ವಲ್ಪ ಕೊಡೋ. ಬೆಳಿಗ್ಗೆ ವಾಪಸ್ ತರ್ತೀನಿ."

ಆ ಬೀದಿಯಲ್ಲಿ ಕಡ್ಡಿ ಕೇಳಿದರೆ ಕೊಡಬೇಕು. ಅದು ಅಜ್ಜಂದಿರ ಕಾಲದಿಂದ ಬಂದ ನಡೆ. ಒಲೆಗೆ ಕೆಂಡ ಕೇಳಿದರೆ ಕೊಡುವ ಹಾಗೆ, ಹೆಣ ಹೊರಲು ಕರೆದರೆ ಹೋಗುವ ಹಾಗೆ. ಅಪ್ಪ ಗೂಡಿಗೆ ಕೈ ಹಾಕಿದ. ಕೆಂಪು ಕಡ್ಡಿ ಅಲ್ಲಿರಲಿಲ್ಲ.

"ಲಿಲಿ, ಕಡ್ಡಿ ಎಲ್ಲಿ?"

"ಯಾವ ಕಡ್ಡಿ?" ಅಂದಳು ಲಿಲಿಯಸ್. ಅವಳು ನೂಲಿನ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತಿದ್ದಳು.

"ಕೆಂಪು ಇರೋದು ಒಂದೇ. ಯಾವ ಕಡ್ಡಿ ಅಂತಾಳೆ."

"ಇಲಿ ಎಳ್ಕೊಂಡು ಹೋಗಿರ್ಬೇಕು."

ಗ್ಯಾವಿನ್ ಕೊಳವೆ ಬಾಯಿಂದ ತೆಗೆದ. "ನಮ್ಮನೆ ಇಲಿ ಓಟ್ಸ್ ಹಿಟ್ಟು ತಿನ್ನುತ್ತೆ. ನಿಮ್ಮನೆದು ಉಣ್ಣೆ ತಿನ್ನುತ್ತಾ? ಅದೂ ಕೆಂಪನ್ನೇ ಆರಿಸಿ?"

"ಲಿಲಿ," ಅಂದ ಅಪ್ಪ.

"ಗ್ಯಾವಿನ್ ಮಾಮ, ಪ್ರಿಂಗಲ್ ಸ್ವಾಮಿಗಳು ನಮಗೆ ಮಾತ್ರ ಹೇಳಿ ಹೋಗಿರೋದು," ಅಂದಳು ಲಿಲಿಯಸ್ ನೆಲ ನೋಡುತ್ತ. "ಎಲ್ಲರೂ ಅದನ್ನೇ ನೇಯ್ದ್ರೆ ಯಾರಿಗೂ ಬೆಲೆ ಸಿಗಲ್ಲ. ನಿಮಗೂ ಸಿಗಲ್ಲ."

"ರಾಜಧಾನಿ ತುಂಬ ಜನ ಇದಾರೆ ಹುಡುಗಿ. ನನ್ನದೊಂದು ಥಾನು ಹೆಚ್ಚಾದ್ರೆ ಎಡಿನ್‌ಬರೋ ಮುಳುಗಿ ಹೋಗುತ್ತಾ?" ಗ್ಯಾವಿನ್ ಬಾಗಿಲ ಕಂಬಕ್ಕೆ ಒರಗಿದ. ಅವನಿಗೆ ಅವಸರವಿರಲಿಲ್ಲ. "ನಿಮ್ಮಪ್ಪ ಜ್ವರದಲ್ಲಿ ಮಲಗಿದ್ದಾಗ ನೀನು ನೇಯ್ದ್ಯಲ್ಲ, ಆ ನೀಲಿ ಚೌಕಳಿ. ಯಾರ ಕಡ್ಡಿ ನೋಡ್ಕೊಂಡು ನೇಯ್ದೆ?"

ಅದು ಗ್ಯಾವಿನ್‌ನದೇ ಕಡ್ಡಿ. ಕೇಳಿದ ಅರೆಗಳಿಗೆಯಲ್ಲಿ ಕೊಟ್ಟಿದ್ದ, ಹೇಗೆ ಎಣಿಸುವುದೆಂದು ಪಕ್ಕದಲ್ಲಿ ನಿಂತು ತೋರಿಸಿಯೂ ಕೊಟ್ಟಿದ್ದ. ಅದು ನಿಜವಾದ್ದಕ್ಕೇ ಲಿಲಿಯಸ್‌ಗೆ ಇನ್ನಷ್ಟು ಸಿಟ್ಟು ಬಂತು. ಎದ್ದು, ಬುಟ್ಟಿ ಎತ್ತಿ, ಅದರ ಕೆಳಗಿದ್ದ ಕಡ್ಡಿಯನ್ನು ಅಪ್ಪನ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಹೋದಳು.

ಕಡ್ಡಿ ಬೆಳಿಗ್ಗೆ ವಾಪಸ್ ಬಂತು, ಗ್ಯಾವಿನ್ ಮಾತಿಗೆ ತಪ್ಪುವವನಲ್ಲ. ಆದರೆ ಅಷ್ಟರಲ್ಲಿ ಅವನು ತನಗೊಂದು ಕಡ್ಡಿ ಸುತ್ತಿಕೊಂಡಿದ್ದ. ಅದನ್ನು ಅವನ ಪಕ್ಕದ ಮನೆಯವರು ಕೇಳಿದರು. ಅವರದನ್ನು ಅವರ ಎದುರು ಮನೆಯವರು. ವಾರ ಕಳೆಯುವುದರಲ್ಲಿ ನೂಲು ಒಣಗುವ ಬೇಲಿಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಕೆಂಪಾದವು. ಹಳ್ಳದ ನೀರು ಕೆಂಪಾಗಿ ಹರಿಯಿತು. ಬಾತುಕೋಳಿಗಳ ಹೊಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿತು. ಕೆಂಪು ಪುಡಿ ತರಲು ಹೋದವರೆಲ್ಲ ಸ್ಟರ್ಲಿಂಗ್ ಅಂಗಡಿಯವನನ್ನು ಬೈದುಕೊಂಡು ಬಂದರು, ಅವನು ದಿನಕ್ಕೊಂದು ಬೆಲೆ ಹೇಳುತ್ತಿದ್ದ. ಬೈದರೂ ತಂದರು.

"ಬೇಡ ಅನ್ನು ಅಪ್ಪ, ಇನ್ನಾದ್ರೂ," ಅಂದಳು ಲಿಲಿಯಸ್ ಒಂದು ಬೆಳಿಗ್ಗೆ, ಗಂಜಿ ಬಡಿಸುತ್ತ. "ಅವರಿಗೆಲ್ಲ ಹೇಳು. ಅರ್ಧ ಜನ ಬೇರೆ ಚೌಕಳಿ ಹಾಕ್ಲಿ."

"ಹಾಸು ಹೂಡಿ ಆಯ್ತಲ್ಲ. ಈಗೇನು ಕತ್ತರಿಸಿ ಬಿಸಾಕಿ ಅನ್ನಲಾ?"

"ಹೂಡೋಕೆ ಮುಂಚೆ ಹೇಳ್ಬೋದಿತ್ತು."

"ನೆರೆಯವನಿಗೆ ಕಡ್ಡಿ ಇಲ್ಲ ಅಂದು, ಭಾನುವಾರ ಚರ್ಚಿನಲ್ಲಿ ಅವನ ಪಕ್ಕ ಕೂರೋದು ಹೇಗೆ?" ಅಪ್ಪ ಗಂಜಿಗೆ ಉಪ್ಪು ಹಾಕಿ ಕಲಸಿದ. "ನಮಗೆ ಮಾತು ಕೊಟ್ಟಿದಾರೆ. ಮೂರು ಅಂದ್ರೆ ಮೂರು."

ಸಿಟ್ಟು ತಡೆಯಲಾರದೆ ಆ ದಿನ ಅವಳು ಯೂಫಿ ಅಜ್ಜಿಯ ಮನೆಗೆ ಹೋದಳು. ಮಗ್ಗವನ್ನಾದರೂ ನೋಡಿ ಬರೋಣ ಅಂತ. ಅಜ್ಜಿ ಒಲೆಯ ಮುಂದೆ ಓಟ್ಸ್ ರೊಟ್ಟಿ ತಿರುವುತ್ತಿದ್ದಳು. ತಿರುಗಿ ನೋಡಲಿಲ್ಲ.

"ನೋಡೋದಾದ್ರೆ ನೋಡು. ಬೆಲೆ ಒಂಬತ್ತು."

"ಆರು ಅಂದಿದ್ರಿ ಅಜ್ಜಿ."

"ಅಂದಿದ್ದೆ. ಆಗ ಕೇಳೋಳು ನೀನೊಬ್ಬಳೇ ಇದ್ದೆ. ಮೊನ್ನೆ ಗ್ಯಾವಿನ್ ಬಂದು ತಮ್ಮನಿಗೆ ಬೇಕು ಅಂತ ಏಳು ಅಂದ. ನಿನ್ನೆ ಸ್ಟರ್ಲಿಂಗಿಂದ ಒಬ್ಬ ಬೊಕ್ಕತಲೆಯವನು ಬಂದು ಎಂಟು ಅಂದ. ಎಲ್ಲರಿಗೂ ಈಗ ಮಗ್ಗ ಬೇಕಂತೆ."

"ಎಂಟು ಕೊಡೋನು ಸಿಕ್ಕಿದ್ರೆ ಕೊಟ್ಟುಬಿಡ್ಬೋದಿತ್ತಲ್ಲ."

"ಎಂಟು ಅಂದವನು ನಾಲ್ಕು ದಿನ ಕಾಯಿಸಿದ್ರೆ ಒಂಬತ್ತು ಅಂತಾನೆ. ನಿನಗ್ಯಾಕೆ ಅಷ್ಟು ಹೊಟ್ಟೆ ಉರಿ? ನಿಮ್ಮಪ್ಪನ ಕೋಳಿಜುಟ್ಟೇ ಅಲ್ವಾ ಇದನ್ನೆಲ್ಲ ಮೇಲೆ ಎತ್ತಿದ್ದು."

ಲಿಲಿಯಸ್ ಮಗ್ಗದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಒರೆಸಿದ್ದೇಕೆ ಎಂದು ತನ್ನ ಮೇಲೇ ಬೇಸರಪಟ್ಟುಕೊಂಡು ಮನೆಗೆ ಬಂದಳು.

ರಾಜರ ಹಡಗು ಬರುವುದಕ್ಕೆ ಎರಡು ದಿನ ಮುಂಚೆ ಪ್ರಿಂಗಲ್ ಗಾಡಿ ಸಮೇತ ಬಂದ. ಗಾಡಿ ದೊಡ್ಡ ರಸ್ತೆಯಿಂದ ಬೀದಿಯ ಮೇಲ್ತುದಿಗೆ ಇಳಿಯಿತು, ಅಂದರೆ ಗ್ಯಾವಿನ್ ಮನೆಗೆ. ಕೊನೆಯ ಮನೆಯಾಗಿರುವುದು ಒಂದು ಕಷ್ಟ ಎಂದು ಅದುವರೆಗೆ ಲಿಲಿಯಸ್‌ಗೆ ಯಾವತ್ತೂ ಅನ್ನಿಸಿರಲಿಲ್ಲ. ಗಾಡಿ ಗ್ಯಾವಿನ್ ಬಾಗಿಲಲ್ಲಿ ನಿಂತದ್ದು ಕಿಟಕಿಯಿಂದ ಕಾಣಿಸಿತು. ಗ್ಯಾವಿನ್ ತನ್ನ ಥಾನನ್ನು ಹೊರಗೆ ತಂದು ಬಿಚ್ಚಿದ.

"ಅಪ್ಪ, ಎದ್ದು ಹೋಗು. ಮಾತು ಕೊಟ್ಟಿದ್ದು ನಮಗೆ ಅನ್ನು. ಈಗ್ಲೇ ಹೋಗು."

"ಅವನ ಮನೆ ಬಾಗಿಲಲ್ಲಿ ನಿಂತು ಅವನ ವ್ಯಾಪಾರ ಕೆಡಿಸ್ಲಾ? ಬರ್ತಾರೆ ಬಿಡು. ಬಟ್ಟೆ ಎಲ್ಲಿಗೂ ಓಡಿ ಹೋಗಲ್ಲ."

ಲಿಲಿಯಸ್ ಕಿಟಕಿ ಬಿಡಲಿಲ್ಲ. ಮಾತು ಕೇಳಿಸದಿದ್ದರೂ ಮುಖ ಕಾಣುತ್ತಿತ್ತು, ಮುಖ ಓದುವುದು ಅವಳಿಗೆ ಹೊಸದಲ್ಲ. ಗ್ಯಾವಿನ್ ಪ್ರಿಂಗಲ್‌ನ ಬೆನ್ನು ತಟ್ಟಿದ. ಅಂದರೆ ಚೆನ್ನಾಗಿಯೇ ಸಿಕ್ಕಿದೆ. ಪಕ್ಕದ ಮನೆಯವನು ನಕ್ಕ, ಆದರೆ ಬೆನ್ನು ತಟ್ಟಲಿಲ್ಲ. ಮೂರನೆಯ ಮನೆಯಲ್ಲಿ ಪ್ರಿಂಗಲ್ ಥಾನು ಬಿಚ್ಚುವ ಮೊದಲೇ ತಿರುಗಿ ಗಾಡಿಯ ಕಡೆ ನೋಡಿದ, ಬಿಚ್ಚಿದ ಮೇಲೆ ಇನ್ನೊಮ್ಮೆ ನೋಡಿದ. ಅಲ್ಲಿಂದ ಮುಂದೆ ಮಾತು ಉದ್ದವಾಗುತ್ತ ಹೋಯಿತು. ನಡುಬೀದಿಯ ಹೆಂಗಸೊಬ್ಬಳು ಥಾನನ್ನು ಸೊಂಟಕ್ಕೆ ಒತ್ತಿಕೊಂಡು ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ ತಂದು ಗಾಡಿಗೆ ಎಸೆದಳು. ಗಾಡಿ ಒಂದೊಂದು ಬಾಗಿಲು ಇಳಿದಂತೆ ಬೆಲೆಯೂ ಅದರ ಜೊತೆಗೆ ಇಳಿಯುತ್ತಿತ್ತು. ಅವರ ಬಾಗಿಲಿಗೆ ಬರುವಾಗ ಗಾಡಿಯಲ್ಲಿ ಕೆಂಪು ಗುಡ್ಡ ಎದ್ದಿತ್ತು.

ಅಪ್ಪ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಇಟ್ಟಿದ್ದ. ಬೀದಿಯಲ್ಲೇ ಅದು ಎಲ್ಲಕ್ಕಿಂತ ಚೆನ್ನಾಗಿತ್ತು. ಅಂಚು ಗೆರೆ ಎಳೆದ ಹಾಗಿತ್ತು. ಪ್ರಿಂಗಲ್ ಅದನ್ನು ಮುಟ್ಟಿಯೂ ನೋಡಲಿಲ್ಲ.

"ಗಜಕ್ಕೆ ಒಂಬತ್ತು ಪೆನ್ನಿ. ಮುಕ್ಕಾಲು ಶಿಲ್ಲಿಂಗ್."

"ಸ್ವಾಮಿ, ಮೂರು ಶಿಲ್ಲಿಂಗ್ ಅಂದಿದ್ರಿ."

"ಮೂರು ಅಂದಿದ್ದು ಯಾರ ಹತ್ರಾನೂ ಇಲ್ಲದ ಬಟ್ಟೆಗೆ. ಹೊರಗೆ ನಿಂತಿರೋ ಗಾಡಿ ನೋಡು. ಇದನ್ನ ಯಾರ ಹತ್ರಾನೂ ಇಲ್ಲ ಅಂತ ನಾನು ಯಾವ ಮುಖ ಇಟ್ಕೊಂಡು ಹೇಳಲಿ?" ಅವನೂ ಬೆವರಿದ್ದ, ಅವನಿಗೂ ರೇಗಿತ್ತು. "ಯಾರೋ ನಿಮ್ಮೋರೇ ಮೊದಲೇ ಒಂದು ಥಾನು ಪೇಟೆಗೆ ತಂದು ಮಾರಿದಾರೆ. ನಿನ್ನೆ ಗ್ಲೆನಾರ್ಡಿ ದೊರೆಗಳು ಗಾಡಿಯಲ್ಲಿ ಹೋಗ್ತಿದ್ರು. ಮೀನು ಮಾರೋಳೊಬ್ಬಳು ಅವರ ಪುರಾತನ ಮನೆತನದ ಚೌಕಳಿ ಹೊದ್ಕೊಂಡು ಹೆರಿಂಗ್ ಮೀನು ಕೂಗ್ತಿದ್ಳು. ದೊರೆಗಳು ಬೇಡ ಅಂದ್ಬಿಟ್ರು. ಈಗ ನೀಲಿ ಹಾಕ್ಕೊಂಡು ರಾಜರ ಮುಂದೆ ನಿಲ್ತಾರಂತೆ. ಬೇರೆ ಯಾವ ದೊರೆಗಾದ್ರೂ ಹಾಕೋಣ ಅಂತ ಬಂದ್ರೆ ಇಲ್ಲಿ ಬೀದಿ ತುಂಬ ಇದೇ. ಈ ಗುಡ್ಡನ ನಾನು ದಿಂಬಿಗೆ ಮಾರಬೇಕು."

ಅಪ್ಪ ತಲೆ ಆಡಿಸಿದ. ಸರಿ ಎಂದೇ ಆಡಿಸಿದ್ದು. ಅವನ ತಲೆ ಅಡ್ಡಡ್ಡ ಆಡುತ್ತಲೇ ಇರಲಿಲ್ಲ.

"ಮಾಡಿದ ಕೂಲಿಯೂ ಹುಟ್ಟಲ್ಲ," ಅಂದಳು ಲಿಲಿಯಸ್. ಕೋಣೆಯಲ್ಲಿ ಯಾರೋ ಬೇರೆಯವರು ಮಾತಾಡಿದ ಹಾಗೆ ಅವಳಿಗೇ ಕೇಳಿಸಿತು. "ಮೇಲ್ತುದಿ ಮನೆಗೆ ಎರಡೂವರೆ ಕೊಟ್ರಿ. ಅದೇ ಬಟ್ಟೆ. ಇದಕ್ಕಿಂತ ಒರಟು."

ಪ್ರಿಂಗಲ್ ಅವಳ ಕಡೆ ತಿರುಗಿದ. "ಎರಡೂವರೆ ಅಂತ ಯಾರು ಹೇಳಿದ್ರು ನಿಂಗೆ?"

"ಗ್ಯಾವಿನ್ ಮಾಮ ನಿಮ್ಮ ಬೆನ್ನು ತಟ್ಟಿದ್ರು. ಎರಡಕ್ಕಾಗಿದ್ರೆ ತಟ್ತಿರ್ಲಿಲ್ಲ."

"ಅಲ್ಲಿ ಗಾಡಿ ಖಾಲಿ ಇತ್ತು ಹುಡುಗಿ. ಅಲ್ಲಿ ನಂಗೆ ಗೊತ್ತಿರ್ಲಿಲ್ಲ, ಇಲ್ಲಿ ಗೊತ್ತಿದೆ. ಇಷ್ಟೇ ವ್ಯತ್ಯಾಸ." ಅವನು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ. "ಒಂದು ಶಿಲ್ಲಿಂಗ್. ನಿನ್ನ ಮುಖ ನೋಡಿ ಅಲ್ಲ. ಗಾಡಿ ತಿರುಗಿಸೋಕೆ ನಿಮ್ಮ ಅಂಗಳ ಬೇಕು, ಅದಕ್ಕೆ."

ಅಪ್ಪ ಇದಕ್ಕೂ ತಲೆ ಆಡಿಸಿದ. ಗಾಡಿ ತಿರುಗುವಾಗ ಅಂಗಳದ ಕೋಸಿನ ಸಾಲೊಂದು ಚಕ್ರದ ಅಡಿಗೆ ಹೋಯಿತು.

ಬಣ್ಣ, ನೂಲು ಕಳೆದರೆ ಕೈಯಲ್ಲಿ ಉಳಿದದ್ದು ಎರಡು ಪೌಂಡ್. ಅದಕ್ಕಿಂತ ಹೆಚ್ಚು ಲಿಲಿಯಸ್‌ಳ ಮೈ ಉರಿಸಿದ್ದು ಬೀದಿಯವರ ಮಾತು. ನೂಲಿಗೂ ಬಣ್ಣಕ್ಕೂ ಸಾಲದೆ ಹೋದವರೆಲ್ಲ ಅಪ್ಪನನ್ನೇ ದೂರಿದರು. ಏನು ದರಿದ್ರ ಚೌಕಳಿಯಪ್ಪ ನಿನ್ನದು, ಅದನ್ನ ಯಾಕಾದ್ರೂ ಕೊಟ್ಟೆ ಅಂದರು. ಅಪ್ಪ ಹೌದು ಹೌದು ಅಂದ. ಗ್ಯಾವಿನ್ ಮಾತ್ರ ಎಲ್ಲರಿಗೂ ಬಿಯರ್ ಕೊಡಿಸಿದ. ಅಪ್ಪ ಅವನ ಜೊತೆ ಕೂತು ಕುಡಿದೂ ಬಂದ.

"ಅವನ ಮೇಲೆ ಸಿಟ್ಟೇ ಬರಲ್ವಾ ನಿಂಗೆ?" ಅಂದಳು ಲಿಲಿಯಸ್.

"ಬಂತು. ಅಷ್ಟರಲ್ಲಿ ಇನ್ನೊಂದು ಲೋಟ ತರಿಸ್ದ."

ಅಕ್ಟೋಬರ್ ಬಂತು. ರಾಜರು ಬಂದದ್ದೂ ಹೋದದ್ದೂ ಹಳೆಯ ಮಾತಾಯಿತು. ಫಾಲ್ಕರ್ಕಿನ ದನದ ಸಂತೆ ಹತ್ತಿರ ಬಂದಿತ್ತು. ಬೆಟ್ಟದಿಂದ ದನ ಹೊಡೆದುಕೊಂಡು ಬರುವವರಿಗೆ ಬೂದು ಹೊದಿಕೆ ಬೇಕು, ಬೇಸಿಗೆಯೆಲ್ಲ ಕೆಂಪು ನೇಯ್ದಿದ್ದರಿಂದ ಯಾರ ಮನೆಯಲ್ಲೂ ಬೂದು ಇಲ್ಲ. ಹಾಗಾದರೆ ಈಗ ಬೂದು ಬಟ್ಟೆಗೆ ಬೆಲೆ ಬರುತ್ತದೆ ಎಂದು ಲಿಲಿಯಸ್ ಲೆಕ್ಕ ಹಾಕಿದಳು. ಅಪ್ಪನಿಗೂ ಹೇಳದೆ, ಎರಡು ದಿನ ಅದನ್ನೇ ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದಳು. ಮೂರನೆಯ ದಿನ ನೀರು ತರಲು ಹೊರಟಾಗ ಕಂಡಿತು. ಬೀದಿಯ ಮೇಲಿನಿಂದ ಕೆಳಗಿನವರೆಗೆ ಬೇಲಿ ಬೇಲಿಯ ಮೇಲೂ ಬೂದು ನೂಲು.

ಅವಳು ಕೊಡ ಕೆಳಗಿಟ್ಟಳು. ಇವರಿಗೆ ಏನು ಹೇಳಿದರೂ ಅಷ್ಟೇ. ಏನೂ ಹೇಳದಿದ್ದರೂ ಅಷ್ಟೇ.

ಇನ್ನೊಂದು ಕಂಡಿತು. ಗ್ಯಾವಿನ್‌ನ ತಮ್ಮ ಬೇಸಿಗೆಯಲ್ಲಿ ಎಲ್ಲಿಂದಲೋ ಎಂಟು ಪೌಂಡಿಗೆ ತಂದಿದ್ದ ಮಗ್ಗವನ್ನು ಮೂರಕ್ಕೆ ಕೊಡುತ್ತೇನೆ ಅಂದರೂ ಕೇಳುವವರಿಲ್ಲದೆ, ಸುಣ್ಣದ ಗಾಡಿಯಲ್ಲಿ ಹೇರಿಕೊಂಡು ಗ್ಲಾಸ್ಗೋ ಕಡೆ ಹೊರಟಿದ್ದ. ಬೇಸಿಗೆಯಲ್ಲಿ ಮಗ್ಗ ಹಾಕಿದವರೆಲ್ಲ ಈಗ ಮಗ್ಗ ಕಳೆದುಕೊಳ್ಳಲು ನೋಡುತ್ತಿದ್ದರು. ಕೊಡ ಅಲ್ಲೇ ಬಿಟ್ಟು ಲಿಲಿಯಸ್ ಯೂಫಿ ಅಜ್ಜಿಯ ಮನೆಗೆ ನಡೆದಳು.

"ಒಂಬತ್ತು," ಅಂದಳು ಅಜ್ಜಿ, ಬಾಗಿಲು ತೆರೆದು.

"ಅಜ್ಜಿ, ಈಗ ಮೂರಕ್ಕೂ ಯಾರೂ ತಗೋತಿಲ್ಲ."

"ಅದು ಅವರ ಮಗ್ಗ. ಇದಕ್ಕೆ ಎಂಟು ಅಂತ ಕೇಳಿಕೊಂಡು ಬಂದಿದ್ರು."

"ಎಂಟು ಅಂದವನು ಎಲ್ಲಿ?"

"ಬರ್ತಾನೆ."

ಬರ್ತಾರೆ ಬಿಡು ಎಂದು ಕಿಟಕಿಯ ಹತ್ತಿರ ಅಪ್ಪ ಅಂದದ್ದು ಇದೇ ದನಿಯಲ್ಲಿ. ಲಿಲಿಯಸ್‌ಗೆ ಅದುವರೆಗೆ ಒಳಗೆ ಕೂಡಿಟ್ಟಿದ್ದದ್ದೆಲ್ಲ ಒಂದೇ ಸಲ ನಾಲಿಗೆಗೆ ಬಂತು. ಈ ಸಲ ಕೇಳಬೇಕಾದವರು ಎದುರಿಗೇ ನಿಂತಿದ್ದರು.

"ಅವನು ಬರಲ್ಲ ಅಜ್ಜಿ. ಅವನಿಗೆ ಮಗ್ಗ ಬೇಕಿದ್ದಿದ್ದು ಕೆಂಪು ಬಟ್ಟೆಗೆ. ಕೆಂಪು ಬಟ್ಟೆ ಈಗ ಪ್ರಿಂಗಲ್ ಸ್ವಾಮಿಗಳ ಉಗ್ರಾಣದಲ್ಲಿ ನುಸಿ ತಿಂತಿದೆ. ಆರು ಅಂದಾಗ ನೀವು ಕೊಟ್ಟಿದ್ರೆ ಆರು ಬರ್ತಿತ್ತು. ಎಂಟು ಅಂದಾಗ ಕೊಟ್ಟಿದ್ರೆ ಎಂಟು ಬರ್ತಿತ್ತು. ಈಗ ಈ ಬೀದಿಯಲ್ಲಿ ಮಗ್ಗ ಬೇಕು ಅನ್ನೋಳು ನಾನೊಬ್ಬಳೇ. ನನ್ನ ಹತ್ರ ಇರೋದು ಎರಡು ಪೌಂಡ್, ಆ ಕೆಂಪಲ್ಲಿ ಉಳಿದಿದ್ದು."

ಅಜ್ಜಿ ಅವಳನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. "ನೀನು ಇಷ್ಟು ಮಾತಾಡ್ತೀಯ?"

"ಇಲ್ಲ. ಇವತ್ತೇ."

"ನನ್ನ ಗಂಡ ಕೂತು ಕೂತು ಆ ಹಲಗೆ ಸವೆದು ಹಳ್ಳ ಬಿದ್ದಿದೆ. ಎರಡು ಪೌಂಡಿಗೆ ಕೊಡೋಕೆ ಅದೇನು ಕೋಳಿಗೂಡಾ? ಎರಡಕ್ಕೆ ಕೊಡೋ ಬದಲು ಒಡೆದು ಸೌದೆ ಮಾಡ್ತೀನಿ."

"ಮಾಡಿ. ಓಕ್ ಮರ, ಚೆನ್ನಾಗಿ ಉರಿಯುತ್ತೆ."

ಅಂದವಳೇ ಲಿಲಿಯಸ್ ಅಜ್ಜಿಯನ್ನು ದಾಟಿ ಒಳಗೆ ನಡೆದಳು. ಕೂರಲು ಹತ್ತಿರದಲ್ಲಿದ್ದದ್ದು ಮಗ್ಗದ ಹಲಗೆ ಒಂದೇ. ಕೂತಳು. ಹಳ್ಳ ಬಿದ್ದಿದ್ದು ನಿಜ, ಆದರೆ ಅಜ್ಜನಿಗಿಂತ ಅವಳು ಚಿಕ್ಕವಳು, ಜಾಗ ಹೆಚ್ಚಾಯಿತು. ಕಾಲು ತಾನಾಗಿ ಕೆಳಗಿನ ತುಳಿಯುವ ಪಟ್ಟಿಗೆ ಹೋಯಿತು. ಎಣ್ಣೆ ಕಾಣದ ಮರ ನರಳಿತು. ಅಜ್ಜಿ ಆ ಸದ್ದಿಗೆ ಒಲೆಯ ಕಡೆ ತಿರುಗಿ ರೊಟ್ಟಿಯ ತವೆಯನ್ನು ಸುಮ್ಮನೆ ಆಚೀಚೆ ಸರಿಸಿದಳು. ತವೆಯ ಮೇಲೆ ಏನೂ ಇರಲಿಲ್ಲ.

ಒಂಬತ್ತಕ್ಕೆ ಕೊಳ್ಳುವವರು ಯಾರೂ ಇಲ್ಲ. ಎರಡಕ್ಕೆ ಮಾರುವವಳು ಅಜ್ಜಿಯಲ್ಲ. ಮಧ್ಯದ ಯಾವ ಅಂಕಿ ಹೇಳಿದರೂ ಒಬ್ಬರಿಗೆ ಅವಮಾನ, ಇನ್ನೊಬ್ಬರಲ್ಲಿ ಅಷ್ಟು ದುಡ್ಡಿಲ್ಲ.

"ಹಾಗಾದ್ರೆ ಮಾರಬೇಡಿ," ಅಂದಳು ಲಿಲಿಯಸ್.

"ಏನು?"

"ಮಾರಬೇಡಿ. ಮಗ್ಗ ಇಲ್ಲೇ ಇರ್ಲಿ. ನಾನು ದಿನಾ ಬಂದು ನೇಯ್ತೀನಿ. ನೂಲು ನಂದು. ಮಾರಿ ಬಂದಿದ್ರಲ್ಲಿ ಐದರಲ್ಲೊಂದು ಪಾಲು ನಿಮಗೆ."

"ನಾಲ್ಕರಲ್ಲೊಂದು," ಅಂದಳು ಅಜ್ಜಿ, ಯೋಚನೆ ಮಾಡಲು ಒಂದು ಗಳಿಗೆಯೂ ತೆಗೆದುಕೊಳ್ಳದೆ. "ಒಲೆಗೆ ಸೌದೆಯೂ ನೀನೇ ತರಬೇಕು. ಚಳಿಯಲ್ಲಿ ಕೂತು ನೇಯ್ದು ಕೆಮ್ಮು ಬಂದ್ರೆ ನಿಮ್ಮಪ್ಪ ನನ್ನ ಕೇಳ್ತಾನೆ."

"ನಮ್ಮಪ್ಪ ಯಾರನ್ನೂ ಏನೂ ಕೇಳಲ್ಲ. ಸರಿ, ನಾಲ್ಕರಲ್ಲೊಂದು."

"ಮತ್ತೆ ಯಾರಾದ್ರೂ ಬಂದು ವಿಚಾರಿಸಿದ್ರೆ ಮಗ್ಗದ ಬೆಲೆ ಒಂಬತ್ತೇ. ಎರಡು ಅನ್ನೋ ಮಾತು ಈ ಮನೆಯಲ್ಲಿ ಯಾರೂ ಆಡಿಲ್ಲ."

"ಯಾರೂ ಆಡಿಲ್ಲ."

ಬೂದು ಹಾಕಲಿಲ್ಲ ಅವಳು. ಕೆಂಪಂತೂ ಇಲ್ಲ. ಪ್ರಿಂಗಲ್‌ಗೆ ಹೇಳಿ ಕಳಿಸಿ, ಸೈನಿಕರಿಗೆ ಹೋಗುವ ಕಡು ಹಸಿರು ಕಡು ನೀಲಿಯ ಚೌಕಳಿಗೆ ನೂಲು ತರಿಸಿದಳು. ಬೀದಿಯಲ್ಲಿ ಯಾರೂ ಆ ಬಟ್ಟೆಯನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ, ಅದಕ್ಕೆ ಸಿಗುವುದು ಅಷ್ಟು ಕಡಿಮೆ. ಕಂಡಿಕೆಗಳನ್ನು ಅಪ್ಪ ಸುತ್ತಿ ಕೊಟ್ಟ. ಕೇಳಿದ್ದಕ್ಕೆ ಅವನು ಇಲ್ಲ ಅನ್ನಲಿಲ್ಲ. ಸಡಿಲವಾಗಿ ಸುತ್ತಿದ್ದ, ಅರ್ಧವನ್ನು ಅವಳು ಮತ್ತೆ ಸುತ್ತಿಕೊಳ್ಳಬೇಕಾಯಿತು.

ಮೊದಲ ದಿನ ಅಜ್ಜಿ ತನ್ನ ಕುರ್ಚಿಯನ್ನು ಒಲೆಯ ಹತ್ತಿರದಿಂದ ಎತ್ತಿ ತಂದು ಮಗ್ಗದ ಮಗ್ಗುಲಲ್ಲಿ ಹಾಕಿಕೊಂಡು ಕೂತಳು.

"ಈ ಕತ್ತಲೆ ಬಣ್ಣ ಯಾರಿಗೆ?"

"ಸೈನಿಕರಿಗೆ."

"ಅದಕ್ಕೆ ಬೆಲೆ ಬರಲ್ಲ."

"ಬರಲ್ಲ. ಆದ್ರೆ ಪ್ರತಿ ತಿಂಗಳೂ ತಗ್ಗದೆ ಅಷ್ಟೇ ಬರುತ್ತೆ."

ಅಜ್ಜಿ ಮೂಗಿನಲ್ಲಿ ಸದ್ದು ಮಾಡಿದಳು. ಲಿಲಿಯಸ್ ಲಾಳಿ ಎಸೆದಳು. ಅದು ಆಚೆ ಅಂಚು ಮುಟ್ಟಿ ಬಂತು. ಇನ್ನೊಮ್ಮೆ ಎಸೆದಳು. ಕೈಗೆ ಕಾಲಿಗೆ ಎರಡು ವರ್ಷದಿಂದ ಇದ್ದ ಚಡಪಡಿಕೆ ಮೆಲ್ಲಗೆ ಇಳಿಯತೊಡಗಿತು.

"ಎಡಗಾಲು ಜೋರಾಯ್ತು," ಅಂದಳು ಅಜ್ಜಿ. "ನನ್ನ ಗಂಡ ಹಾಗೆ ತುಳೀತಿರ್ಲಿಲ್ಲ."

ಲಿಲಿಯಸ್ ಎಡಗಾಲನ್ನು ಹಗುರ ಮಾಡಿದಳು.

"ಎಳೆ ಸ್ವಲ್ಪ ಬಿಗಿ ಮಾಡು. ಹಾಗಲ್ಲ. ಅದಕ್ಕಿಂತ ಸ್ವಲ್ಪ ಸಡಿಲ. ನೀನು ಕುತ್ತಿಗೆ ಯಾಕೆ ಹಾಗೆ ಮುಂದಕ್ಕೆ ಹಾಕ್ತೀಯ, ಬಾತುಕೋಳಿ ಥರ? ನನ್ನ ಗಂಡ ಇಷ್ಟು ಹೊತ್ತಿಗೆ ಒಂದು ಮೊಳ ಇಳಿಸಿರ್ತಿದ್ದ."

ಅಜ್ಜಿ ದಿನವಿಡೀ ಅಲ್ಲೇ ಕೂರುವವಳ ಹಾಗೆ ಶಾಲನ್ನು ಮಂಡಿಯ ಸುತ್ತ ಸುತ್ತಿಕೊಳ್ಳುತ್ತಿದ್ದಳು. ಐದರಲ್ಲೊಂದಕ್ಕೇ ಪಟ್ಟು ಹಿಡಿಯಬೇಕಿತ್ತು ಅನ್ನಿಸಿತು ಲಿಲಿಯಸ್‌ಗೆ. ಕಂಡಿಕೆ ಮುಗಿದಿತ್ತು. ಬಗ್ಗಿ ಇನ್ನೊಂದನ್ನು ಲಾಳಿಗೆ ಹಾಕಿಕೊಂಡಳು.